ಅಜ್ಜಿಯ ಹರಿದ ಇಳಕಲ್ ಸೀರೆಯಿಂದ ಕೌದಿ ಜಾಕೆಟ್ ಹೊಲಿಯೋದು ಹೇಗೆ

"ಅಜ್ಜಿ ಸೀರೆ ಒಂದಿದೆ, ಉಡೋಕೆ ಬರಲ್ಲ, ಎಸೆಯೋಕೆ ಮನಸ್ಸು ಬರಲ್ಲ, ಏನ್ ಮಾಡ್ಲಿ?" ಈ ಪ್ರಶ್ನೆಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದು ಬರೆದು ಸಾಕಾಯ್ತು, ಅದಕ್ಕೆ ಒಂದೇ ಕಡೆ ಪೂರ್ತಿ ಬರೀತಿದೀನಿ. ಊರು ಬಿಟ್ಟು ಬಂದೋರೇ ಜಾಸ್ತಿ ಕೇಳೋದು. ಬೀರು ತೆಗೆದಾಗೆಲ್ಲ ಆ ಗಂಟು ಕಾಣಿಸತ್ತೆ, ಬಿಚ್ಚಿ ಮೂಸಿ ನೋಡಿ ಮತ್ತೆ ಕಟ್ಟಿ ಇಡ್ತಾರೆ, ಅಷ್ಟರಲ್ಲಿ ಇನ್ನೊಂದು ಮಡಿಕೆ ಹರಿದಿರತ್ತೆ.

ನಾನು ಹೇಳಿಕೊಡೋದು ತೋಳಿಲ್ಲದ, ಸೊಂಟದವರೆಗೆ ಬರೋ, ಮುಂದೆ ತೆರೆದಿರೋ ಜಾಕೆಟ್. ಕುರ್ತಾ ಮೇಲೂ ಆಗತ್ತೆ, ಜೀನ್ಸ್ ಮೇಲೂ ಆಗತ್ತೆ. ಕೌದಿ ಅಂದ್ರೆ ಗೊತ್ತಿಲ್ಲದೋರಿಗೆ: ಹಳೇ ಸೀರೆ, ಧೋತರ ಎಲ್ಲ ಪದರ ಪದರ ಇಟ್ಟು, ಇಡೀ ಬಟ್ಟೆ ಮೇಲೆ ಸಾಲು ಸಾಲಾಗಿ ಸಾದಾ ಹೊಲಿಗೆ ಓಡಿಸಿ ಮಾಡೋ ಹೊದಿಕೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಕೂಸಿಗೆ ಹಾಸೋದೂ ಅದೇ, ಚಳಿಗೆ ಹೊದೆಯೋದೂ ಅದೇ. ಜಾಕೆಟ್‌ಗೆ ಇದೇ ಯಾಕೆ ಅಂದ್ರೆ, ಸವೆದ ಬಟ್ಟೆ ಒಂದೇ ಪದರ ಇದ್ರೆ ಹೆಗಲ ಹತ್ರ ಒಂದೇ ದಿನಕ್ಕೆ ಬಿರಿಯತ್ತೆ, ಕೌದಿ ಹೊಲಿಗೆಯಲ್ಲಿ ಎಳೆತದ ಭಾರ ಕೆಳಗಿನ ಗಟ್ಟಿ ಬಟ್ಟೆಗೆ ಹೋಗತ್ತೆ.

ದಿನಕ್ಕೆ ಒಂದು ಗಂಟೆ ಕೂತ್ರೆ ಹೆಚ್ಚುಕಮ್ಮಿ ಒಂದು ತಿಂಗಳ ಕೆಲಸ. ಮದುವೆಗೆ ಹತ್ತು ದಿನ ಇದೆ ಅಂತ ಶುರು ಮಾಡ್ಬೇಡಿ.

ಬೇಕಾಗೋ ಸಾಮಾನು

ಹಳೇ ಇಳಕಲ್ ಸೀರೆ, ಅರ್ಧ ಗಟ್ಟಿ ಇದ್ರೂ ಸಾಕು. ಒಳಗಿನ ಪದರಕ್ಕೆ ಮೆತ್ತಗಾಗಿರೋ ಆದರೆ ಗಟ್ಟಿ ಇರೋ ಕಾಟನ್, ಧೋತರ ಅಥವಾ ಹಳೇ ಬೆಡ್‌ಶೀಟ್. ಮೈಗೆ ತಾಗೋ ಲೈನಿಂಗ್‌ಗೆ ತೆಳು ಕಾಟನ್. ಕಾಟನ್ ದಾರ (ಪಾಲಿಯೆಸ್ಟರ್ ದಾರ ಬೇಡ, ಅದು ಹಳೇ ಬಟ್ಟೆಗಿಂತ ಗಟ್ಟಿ, ಎಳೆದಾಗ ಬಟ್ಟೆನೇ ಕೊಯ್ದುಬಿಡತ್ತೆ). ಕಸೂತಿಗೆ ಆರು ಎಳೆಯ ಎಂಬ್ರಾಯ್ಡರಿ ದಾರ, ಸ್ವಲ್ಪ ಉದ್ದ ಕಣ್ಣಿನ ತೆಳು ಸೂಜಿ, ಗ್ರಾಫ್ ಹಾಳೆ, ನ್ಯೂಸ್‌ಪೇಪರ್, ಗುಂಡುಪಿನ್ನು, ಚೂಪಾದ ಕತ್ತರಿ. ದಬ್ಬಣ ಬೇಡ, ಅದು ದಪ್ಪ ಕೌದಿಗೆ. ನಮ್ಮದು ಮೂರೇ ಪದರ.

1. ಕತ್ತರಿ ಹಾಕ್ಬೇಕಾ ಬೇಡ್ವಾ ನೋಡಿ

ಸೀರೆ ಪೂರ್ತಿ ಚೆನ್ನಾಗಿದ್ರೆ ದಯವಿಟ್ಟು ಕತ್ತರಿಸ್ಬೇಡಿ, ಉಟ್ಕೊಳ್ಳಿ. ಈ ಲೇಖನ ಹರಿದಿದ್ದಕ್ಕೆ ಮಾತ್ರ. ಇನ್ನೊಂದು, ಅಜ್ಜಿ ಸೀರೆ ನಿಮ್ಮೊಬ್ಬರದೇ ಇರಲ್ಲ, ಚಿಕ್ಕಮ್ಮ ದೊಡ್ಡಮ್ಮನ್ನ ಒಂದು ಮಾತು ಕೇಳಿ. ಕತ್ತರಿಸಿದ ಮೇಲೆ ಫೋನ್ ಬಂದ್ರೆ ಅದಕ್ಕೆ ನನ್ನ ಹತ್ರ ಹೊಲಿಗೆ ಇಲ್ಲ.

ಆಮೇಲೆ ಸೀರೆನ ಹಗಲು ಬೆಳಕಲ್ಲಿ ಪೂರ್ತಿ ಬಿಡಿಸಿ ಹಾಸಿ ಫೋಟೋ ತೆಗೀರಿ: ಇಡೀ ಸೀರೆ, ಸೆರಗು, ದಡಿ (ಅಂಚು), ಕಲೆ, ರಫು ಮಾಡಿದ ಜಾಗ ಎಲ್ಲ. ಮನೇಲಿ ಹಿರಿಯರಿದ್ರೆ ತೋರಿಸಿ ಹೆಸರು ಕೇಳಿ. ಇಳಕಲ್ ದಡಿಗೆ ಚಿಕ್ಕಿ, ಗೋಮಿ, ಗಾಡಿ, ಪರಾಸಪೇಟಿ ಅಂತೆಲ್ಲ ಹೆಸರಿದೆ. ಸೆರಗಿನ ಕೆಂಪಿನ ಮೇಲೆ ಬಿಳಿಯಲ್ಲಿ ಬರೋದು ಹಣಿಗೆ (ಬಾಚಣಿಗೆ ಹಲ್ಲು), ಕೋಟೆ ಗೋಡೆ, ಜೋಳದ ತೆನೆ. ನಮಗೆ ಅದು ಬರೀ ಡಿಸೈನ್, ಅವರಿಗೆ ಒಂದೊಂದಕ್ಕೂ ಹೆಸರಿದೆ, ಅದನ್ನ ಬರೆದಿಟ್ಕೊಳ್ಳಿ, ಕೊನೇ ಹಂತದಲ್ಲಿ ಬೇಕಾಗತ್ತೆ.

2. ಬಟ್ಟೆ ಪರೀಕ್ಷೆ

ಕಿಟಕಿಗೆ ಅಡ್ಡ ಹಿಡಿದು ನೋಡಿ. ಎಲ್ಲಿ ಬೆಳಕು ಜರಡಿ ಥರ ಬರತ್ತೋ ಅಲ್ಲಿ ಬಟ್ಟೆ ಮುಗಿದಿದೆ. ಕಾಣೋಕೆ ಗಟ್ಟಿ ಇರೋ ಕಡೆ ಎರಡೂ ಹೆಬ್ಬೆರಳಿಂದ ಹಿಡಿದು ಮೆಲ್ಲಗೆ ಅಗಲಿಸಿ, ಚರ್ ಅಂದ್ರೆ ಅದನ್ನ ಬಿಟ್ಬಿಡಿ. ಮೊದಲು ಹೋಗೋದು ಬೀರುವಲ್ಲಿ ವರ್ಷಗಟ್ಟಲೆ ಒಂದೇ ಥರ ಮಡಚಿದ ಗೆರೆಗಳು, ಕಾಲಿಗೆ ಉಜ್ಜೋ ಕೆಳಗಿನ ದಡಿ, ಮತ್ತೆ ರೇಷ್ಮೆ ಸೆರಗು. ಒಳಗೆ ಸಿಗಿಸ್ಕೊಂಡಿದ್ದ ಭಾಗ ಸಾಮಾನ್ಯವಾಗಿ ಹೊಸದರ ಹಾಗೇ ಇರತ್ತೆ, ಅದು ನಿಮ್ಮ ನಿಧಿ.

ನೂಲು ಯಾವುದು ಅಂತ ಗೊತ್ತಾಗ್ಬೇಕು. ಇಳಕಲ್ ಸೀರೆ ಮೈ ಕಾಟನ್ ಇರಬಹುದು, ಆರ್ಟ್ ಸಿಲ್ಕ್ ಅಂದ್ರೆ ರೇಯಾನ್ ಬೆರೆತಿರಬಹುದು, ಪೂರ್ತಿ ರೇಷ್ಮೆನೂ ಇರಬಹುದು. ಅಂಚಿಂದ ಎರಡು ಎಳೆ ತೆಗೆದು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ, ಸಿಂಕ್ ಮೇಲೆ ಹಿಡ್ಕೊಳ್ಳಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಆದ್ರೆ ಕಾಟನ್ ಅಥವಾ ರೇಯಾನ್. ಕೂದಲು ಸುಟ್ಟ ವಾಸನೆ ಬಂದ್ರೆ ರೇಷ್ಮೆ. ಕರಗಿ ಗಟ್ಟಿ ಗುಂಡು ಕೂತ್ರೆ ಪಾಲಿಯೆಸ್ಟರ್. ಇದು ಯಾಕೆ ಮುಖ್ಯ ಅಂದ್ರೆ ರೇಯಾನ್ ಒದ್ದೆ ಆದಾಗ ತುಂಬ ದುರ್ಬಲ ಆಗತ್ತೆ, ಒಣಗಿದ್ದಾಗ ಗಟ್ಟಿ ಅನ್ಸಿದ್ದು ಹಿಂಡಿದ ತಕ್ಷಣ ಕೈಗೆ ಬರತ್ತೆ.

3. ಬಣ್ಣ ಬಿಡತ್ತಾ?

ದಯವಿಟ್ಟು ಈ ಹಂತ ದಾಟ್ಬೇಡಿ. ಸೆರಗಿನ ಕೆಂಪನ್ನ ನಂಬೋ ಹಾಗಿಲ್ಲ. ನನ್ನ ಮೊದಲ ಜಾಕೆಟ್ ಪೂರ್ತಿ ಹೊಲಿದು ಮುಗಿಸಿ, ಖುಷಿಲಿ ಒಗೆದು, ಬಿಳಿ ಧೋತರದ ಲೈನಿಂಗ್ ಪೂರ್ತಿ ಗುಲಾಬಿ ಮಾಡ್ಕೊಂಡೆ. ಈಗಲೂ ಅದನ್ನೇ ಹಾಕ್ತೀನಿ, ಗುಂಡಿ ಹಾಕ್ಕೊಂಡು.

ಪರೀಕ್ಷೆ ಸುಲಭ. ಬಿಳಿ ಬಟ್ಟೆ ಚೂರು ಒದ್ದೆ ಮಾಡಿ ಬಣ್ಣದ ಮೇಲಿಟ್ಟು ಬೆಚ್ಚಗಿನ ಇಸ್ತ್ರಿಪೆಟ್ಟಿಗೆ ಒತ್ತಿ. ಬಿಳಿಗೆ ಬಣ್ಣ ಹತ್ತಿದ್ರೆ ಆ ಬಟ್ಟೆನ ಬೇರೆಯಾಗಿ ತಣ್ಣೀರಲ್ಲಿ ನೀರು ತಿಳಿ ಆಗೋವರೆಗೆ ಮತ್ತೆ ಮತ್ತೆ ಜಾಲಾಡಿಸಿ. ಆದ್ರೂ ಬಿಡ್ತಾನೇ ಇದ್ರೆ ಆ ತುಂಡನ್ನ ಬಿಳಿ ಪಕ್ಕ ಇಡ್ಬೇಡಿ, ಒಳಪದರ ಲೈನಿಂಗ್ ಎರಡೂ ಗಾಢ ಬಣ್ಣದ್ದು ತಗೊಳ್ಳಿ. ಉಪ್ಪು ನೀರಲ್ಲಿ ನೆನೆಸಿದ್ರೆ ಬಣ್ಣ ನಿಲ್ಲತ್ತೆ ಅನ್ನೋದನ್ನ ಎಲ್ಲರ ಅಮ್ಮಂದಿರೂ ಹೇಳ್ತಾರೆ, ನಮ್ಮಮ್ಮನೂ ಹೇಳ್ತಿದ್ರು. ಉಪ್ಪು ಕೆಲಸಕ್ಕೆ ಬರೋದು ಬಣ್ಣ ಅದ್ದೋವಾಗ, ಆಗಲೇ ಅದ್ದಿ ಮುಗಿದ ಬಟ್ಟೆಯ ಬಣ್ಣನ ಅದು ಕಟ್ಟಿ ಹಾಕಲ್ಲ.

ಒಳಪದರ ಲೈನಿಂಗ್ ಹೊಸ ಬಟ್ಟೆ ಆದ್ರೆ ಮೊದಲೇ ಒಗೆದು ಕುಗ್ಗಿಸಿ. ಹಳೇದು ಇನ್ನು ಕುಗ್ಗಲ್ಲ, ಹೊಸದು ಕುಗ್ಗತ್ತೆ, ಮೊದಲ ಒಗೆತಕ್ಕೆ ಇಡೀ ಜಾಕೆಟ್ ಸುಕ್ಕು ಹಿಡಿಯತ್ತೆ.

4. ಯಾವುದು ಮುಂದೆ ಕಾಣ್ಬೇಕು

ಹೆಚ್ಚಿನೋರು ಎಡವೋದು ಇಲ್ಲೇ. ಅಜ್ಜಿ ಸೀರೆ, ಅಮ್ಮನ ಖಣದ ಕುಬಸ (ಖಣ ಅಂದ್ರೆ ರವಿಕೆಗೆ ಅಂತಲೇ ನೇಯೋ ಬಟ್ಟೆ), ಜಾತ್ರೆಲಿ ತಂದ ಲಂಬಾಣಿ ಕನ್ನಡಿ ಪಟ್ಟಿ, ಕಸೂತಿ ತೇರು, ಕಸೂತಿ ಆನೆ, ಗುಳೇದಗುಡ್ಡದ ಇನ್ನೊಂದು ಖಣ, ಕವಡೆ ಬೇರೆ, ಎಲ್ಲ ಒಂದೇ ಜಾಕೆಟ್ ಮೇಲೆ. ಊರಿನ ನೆನಪು ಅಂತ ಮಾಡಿದ್ದು ಕೊನೆಗೆ ಉತ್ಸವದ ಸ್ಟಾಲ್ ಥರ ಕಾಣತ್ತೆ, ಮೈಮೇಲೆ ಭಾರ ಬೇರೆ, ಎರಡು ಸಲ ಹಾಕಿ ಬೀರುಗೆ ಸೇರತ್ತೆ, ಮತ್ತೆ ಅದೇ ಗಂಟು.

ನನ್ನ ಲೆಕ್ಕ: ಒಂದು ತುಂಡು ಮುಖ್ಯ, ಉಳಿದಿದ್ದೆಲ್ಲ ಅದಕ್ಕೆ ಹಿನ್ನೆಲೆ. ಆ ಒಂದನ್ನ ಆರಿಸೋವಾಗ ಚಂದ ಯಾವುದು ಅಂತ ನೋಡ್ಬೇಡಿ, ನಿಮಗೆ ಅಜ್ಜಿ ಕಾಣಿಸೋದು ಎಲ್ಲಿ ಅಂತ ನೋಡಿ. ಸೆರಗಿನ ತುದಿಯಲ್ಲಿ ಅರಿಶಿನದ ಕಲೆ ಇರತ್ತೆ, ಕೈ ಒರೆಸಿ ಒರೆಸಿ ಕೆಂಪು ಮಸುಕಾಗಿರತ್ತೆ, ಕೀಲಿಕೈ ಗಂಟು ಕಟ್ಟಿದ ಮೂಲೆ ಈಗಲೂ ಸೊಟ್ಟ ಇರತ್ತೆ. ಅಜ್ಜಿನೇ ಕೂತು ರಫು ಹಾಕಿದ ಜಾಗ ಸಿಕ್ಕಿದ್ರಂತೂ ಅದನ್ನ ಎದೆ ಕಡೆ ಇಡಿ, ಅದಕ್ಕಿಂತ ಒಳ್ಳೇ ಕೈಕೆಲಸ ನಾವ್ಯಾರೂ ಮಾಡಲ್ಲ.

ಇಳಕಲ್ ಸೀರೆಲಿ ಇನ್ನೊಂದು ನೋಡೋ ಜಾಗ ಇದೆ. ಸೆರಗೂ ಮೈಯೂ ಸೇರೋ ಗೆರೆ. ಅಲ್ಲಿ ಮೈಯ ಹಾಸಿನ ಎಳೆ, ಸೆರಗಿನ ಹಾಸಿನ ಎಳೆ ಎರಡನ್ನೂ ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಸಿಗಿಸಿ ನೇಯ್ದಿರ್ತಾರೆ, ಹಾಸು ಅಂದ್ರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟೋ ನೂಲು. ಇದಕ್ಕೆ ಟೋಪ್ ತೆನಿ ಅಂತಾರೆ, ಇಳಕಲ್ಲಿನ ಗುರುತೇ ಅದು. ಈ ಗೆರೆ ಜಾಕೆಟ್‌ನ ಬೆನ್ನಲ್ಲಿ ಅಡ್ಡಡ್ಡ ಬರೋ ಹಾಗೆ ಇಟ್ರೆ ಮೇಲೆ ಕೆಂಪು ಕೆಳಗೆ ಮೈ ಬಣ್ಣ ಬಂದು, ಬೇರೆ ಯಾವ ಅಲಂಕಾರನೂ ಬೇಡ. ಆದರೆ ಆ ಗೆರೆಯನ್ನ ದಾಟಿ ಕತ್ತರಿಸೋದಿದ್ರೆ ಕತ್ತರಿ ಹೋಗೋ ಜಾಗದ ಎರಡೂ ಪಕ್ಕ ಮೊದಲು ಒಂದೊಂದು ಸಣ್ಣ ಹೊಲಿಗೆ ಸಾಲು ಹಾಕಿ, ಆಮೇಲೆ ಕತ್ತರಿಸಿ.

5. ಪೇಪರ್ ಕಟಿಂಗ್

ನಿಮ್ಮ ಹತ್ರ ಸಡಿಲ ಜಾಕೆಟ್ ಇದ್ರೆ ಅದನ್ನೇ ನ್ಯೂಸ್‌ಪೇಪರ್ ಮೇಲಿಟ್ಟು ಗೆರೆ ಎಳ್ಕೊಳ್ಳಿ, ಹಿಂದೆ ಒಂದು, ಮುಂದೆ ಎರಡು. ಇಲ್ಲ ಅಂದ್ರೆ ಎದೆ ಸುತ್ತಳತೆಗೆ 5 ಇಂಚು ಸೇರಿಸಿ. ಸಾದಾ ಬ್ಲೌಸಿನ ಅಳತೆ ಕೊಟ್ರೆ ಕೈ ಎತ್ತೋಕಾಗಲ್ಲ, ಮೂರು ಪದರದ ದಪ್ಪ ಇರತ್ತೆ. ಹೊಲಿಗೆಗೆ ಬಿಡೋ ಮಾರ್ಜಿನ್ ಸುತ್ತ ಮುಕ್ಕಾಲು ಇಂಚು.

ಈಗ ಗಮನ ಇಡಿ, ಈ ಪೇಪರ್ ಪ್ರಕಾರ ಬಟ್ಟೆ ಈಗಲೇ ಕತ್ತರಿಸಬಾರದು. ಕೌದಿ ಹೊಲಿಗೆ ಹಾಕ್ತಾ ಹಾಕ್ತಾ ಬಟ್ಟೆ ಒಳಗೆ ಎಳ್ಕೊಳ್ಳತ್ತೆ. ಪೇಪರಿಗಿಂತ ಸುತ್ತ 2 ಇಂಚು ದೊಡ್ಡ ಚೌಕ ತುಂಡು ತಗೊಂಡು, ಹೊಲಿಗೆ ಎಲ್ಲ ಮುಗಿದ ಮೇಲೆ ಪೇಪರ್ ಇಟ್ಟು ಕತ್ತರಿಸೋದು.

6. ಕಸೂತಿ, ಬೇಕಿದ್ರೆ

ಕಸೂತಿ ಹಾಕೋದಾದ್ರೆ ಈಗ್ಲೇ ಹಾಕಿ, ಪದರ ಸೇರಿಸೋಕೆ ಮುಂಚೆ. ಆಮೇಲೆ ಹಾಕಿದ್ರೆ ಸೂಜಿ ಮೂರು ಪದರ ದಾಟಲ್ಲ, ದಾಟಿದ್ರೂ ಎಳೆ ಎಣಿಸೋಕಾಗಲ್ಲ. ಜಾಗ ಚಿಕ್ಕದು ಸಾಕು, ಜೇಬಿನ ಮೇಲೆ ಒಂದು ತುಳಸಿ ಕಟ್ಟೆ, ಅಥವಾ ಮುಂದಿನ ಅಂಚಿಗೆ ಒಂದು ಸಾಲು.

ಧಾರವಾಡ ಕಡೆಯ ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಯ್ಗೆ, ಮೆಂತಿ. ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳೋ ಹಾಗಿಲ್ಲ, ಎಳೆ ಎಣಿಸ್ಕೊಂಡೇ ಹೋಗೋದು, ಗಂಟು ಹಾಕೋ ಹಾಗೂ ಇಲ್ಲ. ಗವಂತಿ ಮುರ್ಗಿ ಎರಡೂ ಹಿಂದೆ ಮುಂದೆ ಒಂದೇ ಥರ ಕಾಣ್ಬೇಕು.

ಮೊದಲ ಸಲ ಆದ್ರೆ ಮುರ್ಗಿಯಿಂದ ಶುರು ಮಾಡಿ, ಅದು ಮೆಟ್ಟಿಲು ಮೆಟ್ಟಿಲಾಗಿ ಹೋಗೋ ಹೊಲಿಗೆ. ಗ್ರಾಫ್ ಹಾಳೆಲಿ ಮೆಟ್ಟಿಲು ಬರ್ಕೊಳ್ಳಿ, ಒಂದು ಚೌಕಕ್ಕೆ ನಾಲ್ಕು ಎಳೆ ಅಂತ ಇಟ್ಕೊಳ್ಳಿ. ಹೋಗೋವಾಗ ಮೆಟ್ಟಿಲಿನ ಅಡ್ಡ ಗೆರೆ ಮಾತ್ರ ಮೇಲೆ ಬರತ್ತೆ, ನಿಂತಿರೋ ಗೆರೆ ಬಟ್ಟೆ ಹಿಂದೆ ಹೋಗತ್ತೆ. ತುದಿ ಮುಟ್ಟಿದಾಗ ನೋಡಿದ್ರೆ ಗಾಳೀಲಿ ತೇಲೋ ಗೀಟುಗಳ ಥರ ಕಾಣತ್ತೆ, ಹೆದರ್ಬೇಡಿ. ಅದೇ ದಾರದಲ್ಲಿ ವಾಪಸ್ ಬನ್ನಿ, ಈಗ ನಿಂತಿರೋ ಗೆರೆಗಳು ಮೇಲೆ ತುಂಬ್ಕೊಳ್ತವೆ, ಅಡ್ಡ ಗೆರೆ ಹಿಂದೆ ಹೋಗತ್ತೆ, ಹೊರಟ ಜಾಗಕ್ಕೆ ಬಂದಾಗ ಮೆಟ್ಟಿಲು ಪೂರ್ತಿ. ತಿರುಗಿಸಿ ನೋಡಿ, ಹಿಂದೆನೂ ಅದೇ ಮೆಟ್ಟಿಲು. ಗವಂತಿಯೂ ಇದೇ ಲೆಕ್ಕ, ನೇರ ಗೆರೆಗೆ. ಚಿತ್ರದಲ್ಲಿ ಕವಲು ಬಂದ್ರೆ ಕವಲಿನ ತುದಿಗೆ ಹೋಗಿ, ಅದನ್ನ ತುಂಬ್ಕೊಂಡು ವಾಪಸ್ ಬಂದು, ಆಮೇಲೆ ಮುಂದಕ್ಕೆ ಹೋಗಿ. ಒಂದೊಂದು ಗೆರೆ ಮೇಲೂ ಎರಡು ಸಲ ಓಡಾಡಿರ್ಬೇಕು, ಒಂದು ಸಲ ಹೋಗೋದು ಒಂದು ಸಲ ಬರೋದು.

ಸಾಮಾನ್ಯ ತಪ್ಪು ಮೂರು. ವಾಪಸ್ ಬರೋವಾಗ ಸೂಜಿ ಅದೇ ತೂತಲ್ಲಿ ಹೋಗದೆ ಪಕ್ಕದಲ್ಲಿ ಹೋಗೋದು, ಗೆರೆ ಹಲ್ಲು ಹಲ್ಲಾಗತ್ತೆ. ಸೂಜಿ ಮೊದಲ ದಾರವನ್ನೇ ಚುಚ್ಚೋದು. ಮತ್ತೆ ಮೊದಲಲ್ಲಿ ಗಂಟು ಹಾಕೋದು, ಅದರ ಬದಲು 2 ಇಂಚು ಬಾಲ ಬಿಟ್ಟು ಕೊನೆಗೆ ಹೊಲಿಗೆಗಳ ಅಡಿಯಲ್ಲಿ ತೂರಿಸಿ ಮುಚ್ಚಿ.

ಹಳೇ ಸೀರೆ ಎಳೆ ತುಂಬ ಸಣ್ಣ, ಕಣ್ಣು ಹೋಗತ್ತೆ. ಬಟ್ಟೆ ಮೇಲೆ ಎಂಬ್ರಾಯ್ಡರಿ ಕ್ಯಾನ್ವಾಸ್ ಜಾಲರಿ ಕೂರಿಸಿ ಅದರ ಮೇಲೆ ಎಣಿಸಿ ಹಾಕಿ, ಮುಗಿದ ಮೇಲೆ ಜಾಲರಿ ಎಳೆ ಒಂದೊಂದಾಗಿ ಎಳೆದು ತೆಗೀರಿ. ಆದರೆ ಸವೆದ ಬಟ್ಟೆಗೆ ಈ ಎಳೆದಾಟ ಆಗಲ್ಲ. ನನಗೆ ಕೇಳಿದ್ರೆ ಎಣಿಸೋಕೆ ಬರೋ ಹೊಸ ಮ್ಯಾಟಿ ಬಟ್ಟೆ ಮೇಲೆ ಬೇರೆಯಾಗಿ ಕಸೂತಿ ಹಾಕಿ ಅದನ್ನ ಜೇಬು ಮಾಡಿ ಕೂರಿಸೋದೇ ಸರಿ. ಆರು ಎಳೆ ದಾರದಲ್ಲಿ ಎರಡೇ ಎಳೆ ಬಿಡಿಸ್ಕೊಳ್ಳಿ.

7. ಪದರ ಕಟ್ಟೋದು

ನೆಲದ ಮೇಲೆ ಲೈನಿಂಗ್ ಉಲ್ಟಾ ಹಾಸಿ, ಅದರ ಮೇಲೆ ಧೋತರ, ಮೇಲೆ ಸೀರೆ ತುಂಡು ಸೀದಾ. ಸೀರೆ ತುಂಡುಗಳನ್ನ ಜೋಡಿಸೋದಿದ್ರೆ 4 ಇಂಚಿಗಿಂತ ಚಿಕ್ಕದು ಬೇಡ, ಅಂಚು ಕಾಲಿಂಚು ಒಳಗೆ ಮಡಚಿ. ಎಲ್ಲಾ ತುಂಡಿನ ಎಳೆನೂ ನೇರ ಇರ್ಲಿ, ಓರೆ ಕತ್ತರಿಸಿದ ತುಂಡು ನಡುವೆ ಒಂದು ಬಂದ್ರೂ ಅಲ್ಲಿ ಜೋಲತ್ತೆ. ತುಂಬ ಸವೆದ, ಆದರೆ ಬಿಡೋಕೆ ಮನಸ್ಸಿಲ್ಲದ ತುಂಡಿದ್ರೆ ಅದರ ಹಿಂದೆ ತೆಳು ಮಲ್ ಬಟ್ಟೆ ಇಡಿ. ಅಂಥ ತುಂಡನ್ನ ಹೆಗಲು, ಕಂಕುಳು, ಜೇಬಿನ ಬಾಯಿ ಈ ಮೂರು ಕಡೆ ಇಡ್ಲೇಬೇಡಿ.

ಈಗ ಕಚ್ಚಾ ಹೊಲಿಗೆ, ಅಂದ್ರೆ ಆಮೇಲೆ ಬಿಚ್ಚೋ ಉದ್ದುದ್ದ ಹೊಲಿಗೆ. ಅಂಗೈ ಅಗಲಕ್ಕೊಂದು ಸಾಲು ಉದ್ದಕ್ಕೂ ಅಡ್ಡಕ್ಕೂ ಹಾಕಿ. ಬರೀ ಪಿನ್ನು ಚುಚ್ಚಿ ಮುಂದೆ ಹೋಗೋರು ಇದಾರೆ, ಎರಡನೇ ದಿನ ಲೈನಿಂಗ್ ಸರಿದು ಹಿಂದೆ ಗಂಟುಗಂಟಾಗಿ ಕೂತಿರತ್ತೆ.

8. ಕೌದಿ ಹೊಲಿಗೆ

ಸಾದಾ ಓಡು ಹೊಲಿಗೆ. ಇಂಚಿಗೆ ಮೂರು ನಾಲ್ಕು, ಸಾಲಿಂದ ಸಾಲಿಗೆ ಮುಕ್ಕಾಲು ಇಂಚು. ಹಿಂದೆ ಕೈಯಿಟ್ಟು ಸೂಜಿ ಮೂರೂ ಪದರ ದಾಟ್ತಾ ಇದೆಯಾ ಅಂತ ಬೆರಳಿಗೆ ಗೊತ್ತಾಗ್ತಿರ್ಬೇಕು. ದಾರ ಒಂದು ಮೊಳಕ್ಕಿಂತ ಉದ್ದ ತಗೊಂಡ್ರೆ ಸಿಕ್ಕಾಗತ್ತೆ. ಬಿಗಿಯಾಗಿ ಎಳೀಬೇಡಿ, ಪ್ರತಿ ಸಾಲು ಮುಗಿದ ಮೇಲೆ ಬಟ್ಟೆನ ಒಂದು ಸಲ ಹಿಗ್ಗಿಸಿ ನೇರ ಮಾಡಿ, ಆಮೇಲೆ ದಾರ ಮುಗಿಸಿ. ಹೊಲಿಗೆ ಒಂದೇ ಅಳತೆ ಬರ್ಲಿಲ್ಲ ಅಂತ ಬಿಚ್ಚೋಕೆ ಹೋಗ್ಬೇಡಿ, ಕೌದಿಗೆ ಆ ಏರುಪೇರೇ ಚಂದ.

ನಡುವಿಂದ ಶುರು ಮಾಡಿ ಹೊರಗೆ ಬನ್ನಿ, ಗುಳ್ಳೆ ಇದ್ರೆ ಅಂಚಿಗೆ ಸರಿದು ಹೋಗತ್ತೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಇದಕ್ಕೆ ಪೂರ್ತಿ ಉಲ್ಟಾ ಮಾಡ್ತಾರೆ, ಅಂಚಿನ ಮೂಲೆಯಿಂದ ಶುರು ಮಾಡಿ ತುಂಡು ಇಡ್ತಾ ಹೊಲೀತಾ ಸುತ್ತು ಸುತ್ತಾಗಿ ನಡುವಿಗೆ ಬರ್ತಾರೆ, ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆ ಮಡಚಿದ ಪುಟ್ಟ ತ್ರಿಕೋನ ಕೂರಿಸ್ತಾರೆ, ಅದಕ್ಕೆ ಫೂಲ ಅಂದ್ರೆ ಹೂವು ಅಂತ ಹೆಸರು. ಅವರ ಕೈಗೆ ಅಳತೆ ಕೂತಿದೆ. ಮೊದಲ ಸಲ ಹೊಲಿಯೋರು ಹಾಗೆ ಮಾಡಿದ್ರೆ ನಡುವಲ್ಲಿ ಗುಡ್ಡ ಎದ್ದು ಕೂರತ್ತೆ.

ಟೋಪ್ ತೆನಿ ಗೆರೆ ಮೇಲೆ, ಅಜ್ಜಿಯ ರಫು ಮೇಲೆ ಹೊಲಿಗೆ ಸಾಲು ಓಡಿಸ್ಬೇಡಿ, ಪಕ್ಕದಲ್ಲಿ ಬಳಸಿ ಹೋಗಿ.

9. ಕತ್ತರಿಸಿ ಜೋಡಿಸೋದು

ಕಚ್ಚಾ ಹೊಲಿಗೆ ಬಿಚ್ಚಿ, ಪೇಪರ್ ಇಟ್ಟು ಚಾಕ್‌ನಲ್ಲಿ ಗೆರೆ ಹಾಕಿ. ಕತ್ತರಿಸೋ ಮುಂಚೆ ಗೆರೆಯಿಂದ ಕಾಲಿಂಚು ಒಳಗೆ ಸುತ್ತ ಒಂದು ಮಿಷನ್ ಹೊಲಿಗೆ, ಇಲ್ಲ ಅಂದ್ರೆ ಕತ್ತರಿ ತಾಗಿದ ಕಡೆಯೆಲ್ಲ ಕೌದಿ ದಾರ ಬಿಚ್ಕೊಂಡು ಹೋಗತ್ತೆ. ಆಮೇಲೆ ಹೆಗಲು, ಪಕ್ಕ ಜೋಡಿಸಿ. ಮಾರ್ಜಿನ್‌ನಲ್ಲಿರೋ ನಡು ಪದರನ ಮಾತ್ರ ಕತ್ತರಿಸಿ ತೆಗೆದ್ರೆ ಹೊಲಿಗೆ ದಪ್ಪ ಆಗಲ್ಲ.

ಅಂಚು ಕಟ್ಟೋವಾಗ ಎಲ್ಲರೂ ಮಾಡೋ ಒಂದು ಆಸೆ, ಸೀರೆ ದಡಿನ ಕುತ್ತಿಗೆ ಸುತ್ತ ತಿರುಗಿಸೋದು. ದಡಿ ನೇರ ಎಳೆಯ ಬಟ್ಟೆ, ಅದು ತಿರುವಿಗೆ ಬಗ್ಗಲ್ಲ, ನೆರಿಗೆ ಬೀಳತ್ತೆ. ದಡಿನ ಮುಂದಿನ ಎರಡು ನೇರ ಅಂಚಿಗೂ ಕೆಳಗಿನ ಅಂಚಿಗೂ ಹಾಕಿ. ಕುತ್ತಿಗೆಗೂ ಕಂಕುಳಿಗೂ ಕ್ರಾಸ್ ಪಟ್ಟಿ, ಅಂದ್ರೆ ಬಟ್ಟೆನ ಓರೆಯಾಗಿ ಕತ್ತರಿಸಿದ ಒಂದೂವರೆ ಇಂಚಿನ ಪಟ್ಟಿ.

ಟೈಲರ್ ಹತ್ರ ಕೊಡೋದಿದ್ರೆ ಈ ಹಂತಕ್ಕೆ ಮಾತ್ರ ಕೊಡಿ, ಮತ್ತೆ ಎದುರಲ್ಲೇ ಕೂತು ಮಾಡಿಸಿ. ಮಿಷನ್ ಕಾಲು ಕೌದಿ ಹೊಲಿಗೆಗೆ ಸಿಕ್ಕಿ ಎಳೆಯತ್ತೆ, ಮೇಲೊಂದು ಟ್ರೇಸಿಂಗ್ ಪೇಪರ್ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯೋಕೆ ಹೇಳಿ. "ಮೇಡಂ ಈ ಹಳೇದನ್ನ ಯಾಕೆ, ಹೊಸ ಪೀಸ್ ಹಾಕೋಣ" ಅಂತ ಖಂಡಿತ ಅಂತಾರೆ.

10. ಒಳಗೊಂದು ಪಟ್ಟಿ

ಒಳಗೆ ಕುತ್ತಿಗೆ ಹಿಂದೆ ಅಂಗೈ ಉದ್ದದ ಬಿಳಿ ಕಾಟನ್ ಪಟ್ಟಿ ಹೊಲೀರಿ. ಸೀರೆ ಯಾರದ್ದು, ಯಾವ ಊರು, ದಡಿಗೆ ಅವರು ಏನಂತಿದ್ರು, ನೀವು ಹೊಲಿದ ವರ್ಷ. ಪೆನ್ನಲ್ಲಿ ಬರೆದಿದ್ದು ಒಗೆತಕ್ಕೆ ಹೋಗತ್ತೆ, ದಾರದಲ್ಲಿ ಬರೀರಿ. ಕನ್ನಡ ಅಕ್ಷರ ಹೊಲಿಯೋಕೆ ಕಷ್ಟ ಅಂತ ಇಂಗ್ಲಿಷಲ್ಲಿ ಹಾಕ್ಬೇಡಿ ಮಾರಾಯ್ರೆ, ಅಕ್ಷರ ಅರ್ಧ ಇಂಚು ದೊಡ್ಡದು ಮಾಡಿ ಬರತ್ತೆ.

ಮಾರೋ ಯೋಚನೆ ಇದ್ರೆ ಒಂದು ಎಚ್ಚರಿಕೆ. ಇಳಕಲ್ ಸೀರೆ, ಕಸೂತಿ, ಗುಳೇದಗುಡ್ಡ ಖಣ, ಸಂಡೂರಿನ ಲಂಬಾಣಿ ಕಸೂತಿ ಇವೆಲ್ಲಕ್ಕೂ ಜಿಐ ಟ್ಯಾಗ್ ಇದೆ, ಅಂದ್ರೆ ಆ ಹೆಸರಿಗೆ ಕಾನೂನಿನ ರಕ್ಷಣೆ. ಅಂಗಡಿಯ ರೆಡಿಮೇಡ್ ಕನ್ನಡಿ ಪಟ್ಟಿ ಹೊಲಿದು "ಸಂಡೂರು ಲಂಬಾಣಿ" ಅಂತ ಹಾಕ್ಬೇಡಿ. ಹಳೇ ಇಳಕಲ್ ಸೀರೆಯಿಂದ ಮನೇಲಿ ಹೊಲಿದಿದ್ದು ಅಂತಷ್ಟೇ ಬರೀರಿ, ಅದು ನಿಜಾನೂ ಹೌದು.

11. ಒಗೆಯೋದು, ಇಡೋದು

ಮಿಷನ್‌ಗೆ ಹಾಕ್ಬೇಡಿ. ಬಕೆಟ್ ತಣ್ಣೀರು, ಅಂಟುವಾಳ ಕಾಯಿ ನೊರೆ ಅಥವಾ ಸ್ವಲ್ಪ ಶಾಂಪೂ, ಹತ್ತು ನಿಮಿಷ. ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆದು ನೆರಳಲ್ಲಿ ಹಾಸಿ ಒಣಗಿಸಿ. ತಂತಿ ಮೇಲೆ ನೇತು ಹಾಕಿದ್ರೆ ಒದ್ದೆ ಭಾರಕ್ಕೆ ಹೆಗಲು ಜಗ್ಗತ್ತೆ. ಪ್ಲಾಸ್ಟಿಕ್ ಕವರಲ್ಲಿ ಇಡ್ಬೇಡಿ, ಕಾಟನ್ ಬಟ್ಟೆಲಿ ಸುತ್ತಿಡಿ, ನುಸಿ ಗುಳಿಗೆ ಹಾಕೋದಿದ್ರೆ ಬಟ್ಟೆಗೆ ತಾಗದ ಹಾಗೆ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ಮಡಿಕೆ ಬದಲಿಸಿ. ಆದರೆ ಹಾಕ್ಕೊಳ್ತಾ ಇದ್ರೆ ಇದ್ಯಾವ ತಲೆನೋವೂ ಇಲ್ಲ.

ಎರಡು ಮೂರು ವರ್ಷಕ್ಕೆ ಎಲ್ಲಾದ್ರೂ ಒಂದು ಕಡೆ ಬಿರಿದೇ ಬಿರಿಯತ್ತೆ, ಜಾಸ್ತಿ ಜೇಬಿನ ಹತ್ರ. ಅದಕ್ಕೆ ಉಳಿದ ಚೂರುಗಳಲ್ಲಿ ಒಂದು ಹಿಡಿ, ಅದೇ ದಾರ ಸ್ವಲ್ಪ, ಒಂದು ಸೂಜಿ, ಮೂರನ್ನೂ ಸಣ್ಣ ಚೀಲಕ್ಕೆ ಹಾಕಿ ಜಾಕೆಟ್ ಜೇಬಲ್ಲೇ ಇಟ್ಬಿಡಿ.